ವೈನೊನ ಮುಖದ ಹಳದಿ

ಫೋನಿನಲ್ಲಿ ಲೆಂಪಿ ಹೊಗಳಿದ್ದೇ ಹೊಗಳಿದ್ದು. ತನ್ನ ಮದುವೆಯ ನಲವತ್ತನೆಯ ವರ್ಷದ ಪಾರ್ಟಿಯ ವಿಡಿಯೊವನ್ನು ಆಗಲೇ ಮೂರು ಸಲ ನೋಡಿದ್ದಳಂತೆ. ಕೆನಡಾದ ಥಂಡರ್ ಬೇಯಲ್ಲಿ ಇಂಥ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ ಬದುಕುವ ಐಲಿಗೆ ಹೊಗಳಿಕೆ ಅಪರೂಪ. ಜನ ಫೋನ್ ಮಾಡುವುದು ವಿಡಿಯೊದಲ್ಲಿ ನಮ್ಮ ಅತ್ತೆಯನ್ನು ಯಾಕೆ ಬಿಟ್ಟೆ ಎಂದು ಜಗಳ ತೆಗೆಯಲು. ಅವಳು ಕಾಫಿ ಹಿಡಿದು ಹಾಯಾಗಿ ಕೇಳುತ್ತ ಕುಳಿತಳು.

"ನಮ್ಮೋರಂತೂ ನೆಲದ ಮೇಲಿಲ್ಲ ಕಣೆ," ಎಂದಳು ಲೆಂಪಿ. "ತಿಂಗಳಿಂದ ಡಾಕ್ಟರ ಹತ್ರ ಹೋಗಿ ಅಂತ ಬಡ್ಕೋತಿದ್ದೆ. ಊಟ ಸೇರಲ್ಲ, ಮೈಯೆಲ್ಲ ಕೆರ್ಕೋತಾರೆ. ಈಗ ನಿನ್ನ ವಿಡಿಯೊ ತೋರಿಸಿ, ನೋಡೆ, ನನಗೇನಾಗಿದೆ ಧಾಡಿ ಅಂತಾರೆ. ನಾಳೆ ಹೋಗೋದಿತ್ತು, ಅದನ್ನೂ ಬೇಡ ಅಂದ್ಬಿಟ್ರು."

ಐಲಿ ಕಾಫಿಯ ಲೋಟ ಕೆಳಗಿಟ್ಟಳು.

ಪಾರ್ಟಿ ನಡೆದ ಸಭಾಂಗಣದ ದೀಪಗಳು ಹಳೆಯವು, ಅಲ್ಲಿ ತೆಗೆದದ್ದೆಲ್ಲ ಹಳದಿಯೇ. ಅವಳು ಕೇಕಿನ ಕೆನೆಯನ್ನೇ ಬಿಳಿಯೆಂದು ಹಿಡಿದು ಇಡೀ ಚಿತ್ರದ ಹಳದಿ ಇಳಿಸಿದ್ದಳು. ತೆರೆಯ ಮೂಲೆಯಲ್ಲಿ ಬಣ್ಣ ಅಳೆಯುವ ದುಂಡು ನಕ್ಷೆಯೊಂದಿರುತ್ತದೆ, ಅದರಲ್ಲೊಂದು ಓರೆಗೆರೆ. ಯಾವ ದೇಶದ, ಯಾವ ಬಣ್ಣದ ಮನುಷ್ಯನಾದರೂ ಚರ್ಮ ಆ ಗೆರೆಯ ಆಸುಪಾಸಿನಲ್ಲೇ ಬಂದು ಕೂರಬೇಕು. ಎಲ್ಲರೂ ಗೆರೆಗೆ ಬಂದು ಕೂತರು, ಲೆಂಪಿಯ ಗಂಡ ವೈನೊ ಒಬ್ಬ ಬರಲಿಲ್ಲ. ಅವನ ಕುರ್ಚಿಯ ಮೇಲಿನ ದೀಪದ ಕಾಟವೆಂದುಕೊಂಡು, ಅವನ ಮುಖ ಮತ್ತು ಕೈಗಳ ಸುತ್ತ ಮಾತ್ರ ಗೆರೆ ಎಳೆದು, ಅರ್ಧ ದಿನ ಕೂತು ಅವನನ್ನು ಆ ಓರೆಗೆರೆಗೆ ಎಳೆತಂದಿದ್ದಳು. ಕಣ್ಣಿನ ಬಿಳಿಯನ್ನೂ ಬಿಡದೆ ತೊಳೆದಿದ್ದಳು. ಅವನು ಕುರ್ಚಿ ಬಿಟ್ಟೆದ್ದು ಹೆಂಡತಿಯೊಡನೆ ಕುಣಿಯುವಾಗಲೂ ಆ ಹಳದಿ ಅವನ ಜೊತೆಗೇ ಕುಣಿದಿತ್ತಲ್ಲ! ಅದು ದೀಪದ್ದಲ್ಲ, ಕಾಮಾಲೆಯದೆಂದು ಆಗಲಾದರೂ ಹೊಳೆಯಬೇಡವೇ? ಹಾಳು ಬುದ್ಧಿ, ಕೆಲಸ ಎಷ್ಟು ಚೊಕ್ಕ ಎಂದು ಬೀಗುತ್ತಿತ್ತು.

ಲ್ಯಾಪ್‌ಟಾಪ್ ಬಗಲಿಗೇರಿಸಿಕೊಂಡು ಲೆಂಪಿಯ ಮನೆಗೆ ಹೊರಟಳು. ಹೇಳದೆಯೂ ಇರಬಹುದಿತ್ತು, ತಾನೇನು ಡಾಕ್ಟರೇ? ದಾರಿಯುದ್ದಕ್ಕೂ ಹಾಗೇ ಅಂದುಕೊಂಡಳು, ಆದರೆ ಕಾರು ತಿರುಗಿಸಲಿಲ್ಲ.

ಕಾಗದದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದ ವೈನೊ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ತಟ್ಟೆಯಲ್ಲಿ ಪ್ಯಾನ್‌ಕೇಕು ಹಾಗೇ ಇತ್ತು. ಡೈರೆಕ್ಟರಮ್ಮ ಇನ್ನೊಂದು ಸಿನಿಮಾ ತಂದಳೇನೋ ಎಂದು ಕಿಚಾಯಿಸಿದ. ಐಲಿ ನಗಲಿಲ್ಲ. ತಾನು ತಿದ್ದಿದ್ದನ್ನು ಅವನ ಮುಖದ ಮೇಲಿಂದ ಮಾತ್ರ ತೆಗೆದು ತೋರಿಸಿದಳು. ಕೇಕು ಬೆಳ್ಳಗೆ, ಲೆಂಪಿ ಕೆಂಪಗೆ. ನಡುವೆ ವೈನೊ ಅರಿಸಿನ ಹಚ್ಚಿದ ಹಾಗೆ.

"ಆ ದೀಪಗಳೇ ಹಂಗೆ," ಎಂದ ವೈನೊ.

"ದೀಪ ಎಲ್ಲರ ಮೇಲೂ ಬಿದ್ದಿತ್ತು, ಅಂಕಲ್. ಎಲ್ಲರ ಹಳದೀನೂ ಹೋಯ್ತು, ನಿಮ್ಮದು ಹೋಗ್ಲಿಲ್ಲ. ಅದನ್ನ ನಾನೇ ಅಳಿಸಿದ್ದು. ತಪ್ಪಾಯ್ತು."

ಲೆಂಪಿ ಒಲೆಯ ಹತ್ತಿರದಿಂದ ಬಂದು ಗಂಡನ ಬೆನ್ನ ಹಿಂದೆ ನಿಂತಳು. ದಿನಾ ಕಣ್ಣೆದುರಿಗೇ ಇರುವ ಮುಖ. ಬಣ್ಣ ತಿರುಗಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ವೈನೊ ಇನ್ನೊಂದು ಸಲ ತೋರಿಸು ಎಂದ. ಐಲಿ ತಿದ್ದಿದ್ದನ್ನು ಹಾಕಿದಳು, ತೆಗೆದಳು. ಮತ್ತೊಂದು ಸಲ ಎಂದ. ಐದಾರು ಸಲವಾದ ಮೇಲೆ ಸಾಕೆಂದು ತಾನೇ ಮುಚ್ಚಳ ಮುಚ್ಚಿದ.

ಕಿಟಕಿಯಿಂದ ಮಧ್ಯಾಹ್ನದ ಹಿಮದ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಅವನು ಅಂಗಿಯ ತೋಳು ಮಡಚಿ ಕೈಯನ್ನು ಆ ಬೆಳಕಿಗೆ ಇಟ್ಟ. ಹಿಂದೆ ಮುಂದೆ ತಿರುಗಿಸಿ ನೋಡಿ, "ನಿನ್ನ ಕೈ ಕೊಡೆ," ಎಂದ.

ಲೆಂಪಿ ಹಿಟ್ಟಾಗಿದ್ದ ಕೈಯನ್ನು ಉಡುಪಿಗೆ ಒರೆಸಿಕೊಂಡು ಅವನ ಕೈಯ ಪಕ್ಕದಲ್ಲಿಟ್ಟಳು. ದೀಪವಿಲ್ಲದ ಈ ಬೆಳಕಿನಲ್ಲೂ ಅವನದು ಹಳದಿಯೇ. ಇಬ್ಬರೂ ಕೈ ತೆಗೆಯಲಿಲ್ಲ.