ಸೈಕಲ್ ಸ್ಟ್ಯಾಂಡಿನ ಬಿ ಸೆಕ್ಷನ್

ತಗಡಿನ ಕೆಳಗೆ ಪಾಠ ಮಾಡಿ ಮಾಡಿ ಜ್ಯೋತಿಲಕ್ಷ್ಮಿಯ ಗಂಟಲು ಕಟ್ಟಿಹೋಗಿತ್ತು. ಅದು ತರಗತಿಯಲ್ಲ, ಸರ್ಕಾರಿ ಕಾಲೇಜಿನ ಸೈಕಲ್ ಸ್ಟ್ಯಾಂಡು. ಮಣ್ಣಿನ ನೆಲಕ್ಕೆ ಟಾರ್ಪಾಲು ಹಾಸಿಕೊಂಡು ಬಿ.ಎ. ಮೊದಲ ವರ್ಷದ ಬಿ ಸೆಕ್ಷನ್ ಕೂತಿತ್ತು. ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಕಪ್ಪು ಹಲಗೆಯನ್ನು ಕಂಬಕ್ಕೆ ತಂತಿಯಿಂದ ಬಿಗಿದಿದ್ದರು. ದೇವನಹಳ್ಳಿ ಕಡೆಗೆ ಇಳಿಯುವ ವಿಮಾನ ತಲೆಯ ಮೇಲೆ ಬಂದಾಗ ಪಾಠ ನಿಲ್ಲಿಸಬೇಕು. ಅದು ಹೋದ ಮೇಲೆ ಎಲ್ಲಿ ಬಿಟ್ಟಿದ್ದೆ ಎಂದು ಮಕ್ಕಳನ್ನೇ ಕೇಳಬೇಕು.

ಕಾಲೇಜು ಕಟ್ಟಿಸಿದಾಗ ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ. ವಿಮಾನ ನಿಲ್ದಾಣ ಬಂದು ಅದೆಲ್ಲ ಹೋಯಿತು. ಹೊಲದಲ್ಲಿ ಕಳೆ ಕೀಳಬೇಕಿದ್ದ ಹುಡುಗಿಯರಿಗೆ ಕೀಳಲು ಕಳೆಯೂ ಉಳಿಯಲಿಲ್ಲ. ನಿಲ್ದಾಣದ ಬೇಲಿಯ ಒಳಗೆ ಕೂತು ಮಾಡುವ ಯಾವ ಕೆಲಸಕ್ಕೂ ಡಿಗ್ರಿ ಕೇಳತೊಡಗಿದರು. ಕಾಲೇಜಿನ ಬಾಗಿಲಿಗೆ ಜನ ಬರದೆ ಇನ್ನೇನು ಮಾಡಿಯಾರು?

ಇಷ್ಟು ಸಣ್ಣ ವಿಷಯ ಇಲಾಖೆಗೆ ಹೊಳೆಯಲಿಲ್ಲ. ಅದು ಪ್ರತಿ ವರ್ಷ ಕಾಲೇಜಿನಿಂದ ಒಂದು ಅಂದಾಜು ತರಿಸಿಕೊಳ್ಳುತ್ತದೆ, ಮುಂದಿನ ವರ್ಷ ಎಷ್ಟು ಮಕ್ಕಳು ಸೇರಬಹುದು ಎಂದು. ಆ ಅಂದಾಜಿಗೆ ತಕ್ಕಷ್ಟೇ ಕೋಣೆ, ಬೆಂಚು, ಮೇಷ್ಟ್ರು. ಪ್ರಿನ್ಸಿಪಾಲ್ ರವಿಚಂದ್ರ ಹಿಂದೊಮ್ಮೆ ಧಾರಾಳವಾಗಿ ಬರೆದಿದ್ದರು. ಆ ವರ್ಷ ಅಷ್ಟು ಮಕ್ಕಳು ಬರಲಿಲ್ಲ, ಇಲಾಖೆ ಇದ್ದ ಒಂದು ಹುದ್ದೆಯನ್ನೂ ಕಿತ್ತುಕೊಂಡಿತು. ಕೈ ಸುಟ್ಟುಕೊಂಡ ಮನುಷ್ಯ ಆಮೇಲೆ ಹಳೇ ಸಂಖ್ಯೆಗೆ ಚಿಟಿಕೆಯಷ್ಟು ಸೇರಿಸಿ ಕಳಿಸಿ ಸುಮ್ಮನಾಗುತ್ತಿದ್ದರು. ಬೆಂಗಳೂರಿನಲ್ಲಿ ಕೂತವರು ಅದಕ್ಕೂ ಕತ್ತರಿ ಹಾಕುತ್ತಿದ್ದರು. ಹಾಗೆ ಕತ್ತರಿ ಹಾಕಿದವರೇ ಮೇ ತಿಂಗಳಲ್ಲಿ ಇನ್ನೊಂದು ಆದೇಶ ಕಳಿಸಿದರು: ಮನೆ ಮನೆಗೆ ಹೋಗಿ ಮಕ್ಕಳನ್ನು ಕಾಲೇಜಿಗೆ ಕರೆತನ್ನಿ.

ಬಿಸಿಲಲ್ಲಿ ಹೋದವಳು ಜ್ಯೋತಿಲಕ್ಷ್ಮಿ. ಅವಳು ಅತಿಥಿ ಉಪನ್ಯಾಸಕಿ. ಮಾತು ಕೇಳಲು ಚೆಂದ. ವರ್ಷ ತುಂಬುವ ಮೊದಲೇ ಮನೆಗೆ ಕಳಿಸಿ, ಬೇಕೆನಿಸಿದರೆ ಮತ್ತೆ ಕರೆಯುವ ಅತಿಥಿ. ಅಂಥವಳೇ ಬೈರಮ್ಮನ ಜಗಲಿಯ ಮೇಲೆ ಕೂತು ಅವಳ ಮಗಳು ಹರ್ಷಿತಳನ್ನು ಕಾಲೇಜಿಗೆ ಕಳಿಸಿ ಎಂದು ಕೇಳಿದ್ದಳು. ಬೈರಮ್ಮ ವಿಮಾನ ನಿಲ್ದಾಣದಲ್ಲಿ ನೆಲ ಒರೆಸುತ್ತಾಳೆ.

"ಇವ್ಳಿಗೂ ಅಲ್ಲೇ ಕೆಲ್ಸ ಮಾತಾಡಿಟ್ಟಿದ್ದೀನಿ ಮೇಡಮ್ನೋರೆ. ನನ್ ಜೊತೇಲೇ ವ್ಯಾನಲ್ಲಿ ಬರ್ತಾಳೆ. ಕಾಲೇಜಿಗೆ ಬಂದು ಅದೇನ್ ಕಡಿದು ಕಟ್ಟೆ ಹಾಕ್ಬೇಕು?"

"ನೀವು ಒರ್ಸೋ ನೆಲದ ಮೇಲೆ ಕುರ್ಚಿ ಹಾಕ್ಕೊಂಡು ಕೂರೋಕೆ ಡಿಗ್ರಿ ಕೇಳ್ತಾರೆ ಬೈರಮ್ಮನೋರೆ. ಮೂರು ವರ್ಷ ಕಳಿಸಿ ನೋಡಿ."

ಬೈರಮ್ಮ ಮಗಳ ಮುಖ ನೋಡಿದಳು. "ಬುಡಿ ಮತ್ತೆ. ಆ ಕೆಲ್ಸ ಬೇರೆಯೋರಿಗೆ ಹೇಳ್ತೀನಿ. ಇವ್ಳ ಜವಾಬ್ದಾರಿ ಇನ್ಮೇಲೆ ನಿಮ್ದು."

ಹಾಗೆ ಬಂದವರೇ ಬಿ ಸೆಕ್ಷನ್ ಆದರು. ಅಂದಾಜಿಗಿಂತ ಹೆಚ್ಚು ಬಂದವರು. ರವಿಚಂದ್ರ ಸೇರಿಸಿಕೊಂಡರು, ಮಂಜೂರಾತಿ ಹೇಗೋ ಬರುತ್ತದೆ ಎಂದುಕೊಂಡರು. ಬರಲಿಲ್ಲ. ಜ್ಯೋತಿಲಕ್ಷ್ಮಿ ಎ ಸೆಕ್ಷನ್ನಿಗೆ ಸಂಬಳಕ್ಕೆ ಪಾಠ ಮಾಡಿ, ಬಿ ಸೆಕ್ಷನ್ನಿಗೆ ಪುಕ್ಕಟೆ ಮಾಡುತ್ತಿದ್ದಳು. ಅದನ್ನಾದರೂ ಸಹಿಸಬಹುದು. ಇಲಾಖೆ ಒಪ್ಪದೆ ವಿಶ್ವವಿದ್ಯಾಲಯ ಈ ಮಕ್ಕಳ ಪರೀಕ್ಷೆ ಅರ್ಜಿ ಮುಟ್ಟುವುದಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು.

ಅಷ್ಟರಲ್ಲಿ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಯಿತು. ರವಿಚಂದ್ರ ಅವಳನ್ನು ಕರೆಸಿದರು.

"ನಾಳೆ ಬಿ ಸೆಕ್ಷನ್ನಿಗೆ ರಜ ಅಂತ ಹೇಳ್ಬಿಡಮ್ಮ."

"ಸಾಹೇಬ್ರು ಇವ್ರನ್ನ ನೋಡ್ಲೇಬೇಕಲ್ವಾ ಸರ್? ನೋಡಿದ್ರೆ ತಾನೆ ಮಂಜೂರು ಮಾಡೋದು?"

"ನೋಡಿದ್ರೆ ನಂಗೆ ನೋಟಿಸು, ನಿಂಗೆ ಮನೆ ದಾರಿ. ಅಂದಾಜು ಮೀರಿ ಯಾಕೆ ಸೇರಿಸ್ಕೊಂಡ್ರಿ ಅಂತಾರೆ. ಈ ವರ್ಷ ಹೋಗ್ಲಿ. ಮುಂದಿನ ವರ್ಷದ ಅಂದಾಜಲ್ಲಿ ಇವ್ರನ್ನೂ ಸೇರಿಸಿ ಬರೀತೀನಿ, ಹೊಸದಾಗಿ ಅಡ್ಮಿಷನ್ ಆಗ್ಲಿ."

ಅವರು ಕೆಟ್ಟವರಲ್ಲ. ಹೆದರಿ ಹೆದರಿ ಸುಸ್ತಾದವರು. ಬೇರೆ ಕಡೆ ತಪಾಸಣೆಯ ದಿನ ಇಲ್ಲದ ಮಕ್ಕಳನ್ನು ತಂದು ಕೂರಿಸುತ್ತಾರೆ, ಇಲ್ಲಿ ಇರುವ ಮಕ್ಕಳನ್ನು ಇಲ್ಲವಾಗಿಸಬೇಕಿತ್ತು. ಜ್ಯೋತಿಲಕ್ಷ್ಮಿಗೆ ಜಗಳವಾಡುವ ತ್ರಾಣ ಇರಲಿಲ್ಲ. ತಗಡಿನ ಕೆಳಗೆ ಹೋಗಿ ವಿಷಯವನ್ನು ಇದ್ದ ಹಾಗೆ ಹೇಳಿದಳು.

ಹರ್ಷಿತ ಎದ್ದು ನಿಂತಳು. "ಮುಂದಿನ ವರ್ಷ ಅಂದ್ರೆ ನಮ್ಮವ್ವ ಕಳ್ಸಲ್ಲ ಮೇಡಂ. ವ್ಯಾನ್ ಹತ್ಸ್ತಾಳೆ."

ಜ್ಯೋತಿಲಕ್ಷ್ಮಿ ಹಲಗೆ ಒರೆಸಿದಳು. ಆ ದಿನ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಟಾರ್ಪಾಲು ಸುತ್ತಿಟ್ಟು ಸ್ಟ್ಯಾಂಡಿನ ನೆಲಕ್ಕೆ ನೀರು ಚಿಮುಕಿಸಿದ್ದರು. ಸಾಹೇಬರ ಬಿಳಿ ಕಾರು ಬಂದು ನೆರಳು ಹುಡುಕಿತು. ಇಡೀ ಕಾಲೇಜಿನಲ್ಲಿ ನೆರಳಿದ್ದದ್ದು ಸ್ಟ್ಯಾಂಡಿನಲ್ಲಿ ಮಾತ್ರ. ಕಾರು ಸೀದಾ ತಗಡಿನ ಕೆಳಗೆ ಹೋಗಿ ಕಪ್ಪು ಹಲಗೆಯ ಮುಂದೆ ನಿಂತಿತು. ಒಳಗೆ ಎ ಸೆಕ್ಷನ್ ಎಣಿಸಿದರು, ಅಂದಾಜಿಗೆ ಸರಿಯಾಗಿ ತಾಳೆಯಾಯಿತು. ಸಾಹೇಬರು ಸಂತೋಷದಿಂದ ಎಳನೀರು ಕುಡಿದರು.

ಜ್ಯೋತಿಲಕ್ಷ್ಮಿ ಕಿಟಕಿಯಿಂದ ಹೊರಗೆ ನೋಡಿದಳು. ಗೇಟಿನಿಂದ ಬಿ ಸೆಕ್ಷನ್ ಒಳಗೆ ಬರುತ್ತಿತ್ತು. ಗಲಾಟೆಯಿಲ್ಲ, ಘೋಷಣೆಯಿಲ್ಲ. ಹರ್ಷಿತ ಟಾರ್ಪಾಲು ಬಿಚ್ಚಿದಳು. ಕಾರಿನ ಹಿಂದೆ, ಮುಂದೆ, ಎರಡೂ ಪಕ್ಕ ಹಾಸಿ ಎಲ್ಲರೂ ದಿನದಂತೆ ಕೂತರು. ಬೈರಮ್ಮ ಕೆಲಸದ ನೀಲಿ ಸೀರೆಯಲ್ಲೇ ಬಂದು ಕಂಬಕ್ಕೆ ಒರಗಿ ನಿಂತಳು.

ಸಾಹೇಬರು ಹೊರಡಲೆಂದು ಈಚೆಗೆ ಬಂದರು, ಹಿಂದೆಯೇ ರವಿಚಂದ್ರ, ಜ್ಯೋತಿಲಕ್ಷ್ಮಿ. "ಯಾರ್ರೀ ಇವ್ರೆಲ್ಲ?"

"ಸರ್, ಅದು... ಪಕ್ಕದ ಹೈಸ್ಕೂಲ್ ಮಕ್ಳು, ಗ್ರೌಂಡ್ ನೋಡೋಕೆ..." ಎಂದರು ರವಿಚಂದ್ರ.

ಬೈರಮ್ಮ ಜ್ಯೋತಿಲಕ್ಷ್ಮಿಯನ್ನೇ ನೋಡುತ್ತಿದ್ದಳು. "ಜವಾಬ್ದಾರಿ ನಿಮ್ದು ಅಂದಿದ್ದೆ ಮೇಡಮ್ನೋರೆ," ಎಂದಳು ಮೆಲ್ಲಗೆ.

"ಇವ್ರು ನಮ್ಮ ಬಿ ಸೆಕ್ಷನ್ ಸರ್," ಎಂದಳು ಜ್ಯೋತಿಲಕ್ಷ್ಮಿ. "ಕರ್ಕೊಂಡು ಬನ್ನಿ ಅಂದ್ರಿ, ನಾನೇ ಕರ್ಕೊಂಡು ಬಂದೆ."

"ಅಂದಾಜಿನಲ್ಲಿ ಇಲ್ವಲ್ರೀ ಇವ್ರು. ಇಲ್ಲದೋರಿಗೆ ಎಲ್ಲಿಂದ ದುಡ್ಡು ತರೋದು? ಬರವಣಿಗೇಲಿ ವಿವರಣೆ ಕೊಡಿ. ಈಗ ಇವ್ರನ್ನ ಏಳ್ಸಿ, ಕಾರ್ ತೆಗೀಬೇಕು."

ಚಾಲಕ ಹಾರನ್ ಹೊಡೆದ. ಯಾರೂ ಏಳಲಿಲ್ಲ. ಜ್ಯೋತಿಲಕ್ಷ್ಮಿಗೆ ಕೆಲಸ ಹೋದದ್ದು ಆಗಲೇ ಖಾತ್ರಿಯಾಗಿತ್ತು. ಹೆದರಿಕೆಯೂ ಅದರ ಜೊತೆಗೇ ಹೋಯಿತು. ದಣಿವೊಂದು ಉಳಿದಿತ್ತು, ಅದು ಅವಳಿಗೆ ಹೊಸದಲ್ಲ. ಮಕ್ಕಳ ನಡುವೆ ದಾರಿ ಮಾಡಿಕೊಂಡು ಹಲಗೆಯ ಹತ್ತಿರ ಹೋದಳು.

"ಈ ಸೆಕ್ಷನ್ನಿಗೆ ಹಾಜರಿ ಪುಸ್ತಕ ಕೊಟ್ಟಿಲ್ಲ. ನಿಮ್ಮ ನಿಮ್ಮ ಹೆಸರು ನೀವೇ ಹೇಳಿ. ಸಾಹೇಬ್ರಿಗೆ ಕೇಳಿಸ್ಲಿ."

"ಹರ್ಷಿತ, ಪ್ರೆಸೆಂಟ್ ಮೇಡಂ."

ಇನ್ನೊಬ್ಬಳು ಎದ್ದಳು. ಅವಳ ಹಿಂದೆ ಮತ್ತೊಬ್ಬಳು. ನಡುವೆ ವಿಮಾನವೊಂದು ಬಂತು. ಹೇಳುತ್ತಿದ್ದವಳು ಬಾಯಿ ಮುಚ್ಚಿ ಕಾದು, ಅದು ಇಳಿದ ಮೇಲೆ ತನ್ನ ಹೆಸರನ್ನು ಮೊದಲಿಂದ ಹೇಳಿದಳು.

ಸಾಹೇಬರು ಬಿಸಿಲಲ್ಲಿ ನಿಂತು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಇನ್ನೂ ಎಷ್ಟೊತ್ತಮ್ಮ ಇದು?"

ಜ್ಯೋತಿಲಕ್ಷ್ಮಿ ಸೀಮೆಸುಣ್ಣ ತೆಗೆದುಕೊಂಡಳು.

"ಹಾಜರಿ ಮುಗೀಲಿ ಸರ್. ಆಮೇಲೆ ಪಾಠ ಇದೆ."