ಎಂಟು ಒಲೆಗಳ ಮುಂದೆ ಒಂದು ಸ್ಟಾಪ್‌ವಾಚ್

ನಾನು ಒಂದು ಸ್ಟಾಪ್‌ವಾಚ್. ಈಗ ಎಷ್ಟು ಗಂಟೆ ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಬೆಳಗು, ಸಂಜೆ, ವಾರ, ತಿಂಗಳು ಎಲ್ಲ ಗೋಡೆ ಗಡಿಯಾರದವರ ವ್ಯವಹಾರ. ಒಂದು ಕೆಲಸ ಶುರುವಾಗಿ ಮುಗಿಯಲು ಎಷ್ಟು ಹೊತ್ತು ಹಿಡಿಯಿತು, ಅದನ್ನಷ್ಟೇ ಹೇಳಬಲ್ಲೆ.

ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಉಕ್ಕಿನ ಮೈ, ಬಿಳಿ ಮುಖ, ಒಂದು ಉದ್ದ ಮುಳ್ಳು, ನೆತ್ತಿಯ ಮೇಲೊಂದು ಗುಂಡಿ. ಒತ್ತಿದರೆ ಓಡಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು, ಇನ್ನೊಮ್ಮೆ ಒತ್ತಿದರೆ ಸೊನ್ನೆಗೆ ಮರಳಬೇಕು. ಕನ್ನಡಕದ ಹೆಂಗಸೊಬ್ಬರು ನನ್ನನ್ನು ಕಿವಿಗೆ ಹಿಡಿದು ಕೇಳಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದರು. ನನ್ನ ಬಾಲ್ಯ ಅಷ್ಟೇ.

ಮೊದಲು ಗದಗಿನ ಒಂದು ಹೈಸ್ಕೂಲಿನ ಆಟದ ಮಾಸ್ತರರ ಕೊರಳಿನಲ್ಲಿದ್ದೆ. ಮಕ್ಕಳು ಓಡಿ ಬಂದು ಏದುಸಿರು ಬಿಡುತ್ತಲೇ ನನ್ನ ಮುಖ ನೋಡಲು ಮುಗಿಬೀಳುತ್ತಿದ್ದರು. ಅಂಥ ಪ್ರೀತಿ ಮುಂದೆಂದೂ ಸಿಗಲಿಲ್ಲ. ಮಾಸ್ತರರು ನಿವೃತ್ತರಾದಾಗ ನನ್ನನ್ನು ತಮ್ಮ ಗೆಳೆಯ ದೇಸಾಯರಿಗೆ ಕೊಟ್ಟರು. ದೇಸಾಯರು ಹತ್ತಿಯ ಮಿಲ್ಲಿನಲ್ಲಿ ಸೂಪರ್‌ವೈಜರು. ನನ್ನನ್ನು ಕೋಟಿನ ಜೇಬಿನಲ್ಲಿ ಅಡಗಿಸಿಕೊಂಡು ಕೆಲಸಗಾರರ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಜೇಬಿನೊಳಗಿನಿಂದ ನನ್ನ ಟಿಕ್ ಟಿಕ್ ಕೇಳಿದರೆ ಸಾಕು, ಹತ್ತಿ ತುಂಬುವವರು ತಲೆ ಎತ್ತದೆ ಕೈ ಓಡಿಸುತ್ತಿದ್ದರು. ನಿಧಾನವಾದವರು ಆಮೇಲೆ ಕಾಣಿಸುತ್ತಿರಲಿಲ್ಲ. ಕೊನೆಗೆ ಮಿಲ್ಲೇ ಮುಚ್ಚಿತು. ಅಷ್ಟು ವರ್ಷ ನಾನು ಉಳಿಸಿಕೊಟ್ಟ ನಿಮಿಷಗಳೆಲ್ಲ ಎಲ್ಲಿಗೆ ಹೋದವೋ, ಇಂದಿಗೂ ತಿಳಿದಿಲ್ಲ.

ಗಡಿಯಾರ ರಿಪೇರಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವನನ್ನು ವಿಶಾಲಾಕ್ಷಿ ಬೂದಿಹಾಳ ಕೊಂಡುಕೊಂಡರು. ಅವರದು ಅದೇ ಊರಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಸಣ್ಣ ಕೇಂದ್ರ. ಉದ್ದನೆಯ ತಗಡಿನ ಕೋಣೆ, ಸಾಲಾಗಿ ಎಂಟು ಒಲೆ, ಎಂಟು ಹೆಂಗಸರು. ಮೊದಲ ಒಲೆ ನಿಂಬೆವ್ವನದು. ವಿಶಾಲಾಕ್ಷಿಯ ತಾಯಿ ಈ ಕೇಂದ್ರ ತೆರೆದಾಗ ಹೊತ್ತಿದ್ದೇ ಆ ಒಂದು ಒಲೆ. ಉಳಿದ ಏಳೂ ಜನರಿಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು.

ವಿಶಾಲಾಕ್ಷಿ ನನ್ನನ್ನು ಅಡಗಿಸಲಿಲ್ಲ. ಕೊರಳಿಗೆ ಹಾಕಿಕೊಂಡು, ಎದುರಿಗೇ ನಿಂತು ಹೇಳಿದರು: "ಯಾರನ್ನೂ ಬೈಯಾಕ ತಂದಿಲ್ಲವ್ವ ಇದನ್ನ. ಹೊತ್ತು ಎಲ್ಲಿ ಸೋರಿ ಹೋಗಾಕತ್ತೈತಿ ನೋಡೂಣು."

ನೋಡಿದೆವು. ಸೋರುತ್ತಿದ್ದದ್ದು ಕೈಯಲ್ಲಿ ಅಲ್ಲ, ಕಾಲಿನಲ್ಲಿ. ಹಿಟ್ಟು ಒಂದು ಮೂಲೆಗೆ, ಬಿಸಿನೀರು ಇನ್ನೊಂದು ಮೂಲೆಗೆ. ಪ್ರತಿಯೊಬ್ಬಳೂ ಎದ್ದು ಹೋಗಿ ಬರುವಷ್ಟರಲ್ಲಿ ಹಂಚು ಸುಮ್ಮನೆ ಕಾಯುತ್ತಿತ್ತು. ವಿಶಾಲಾಕ್ಷಿ ಎರಡೊಲೆಗಳ ನಡುವೆ ಒಂದೊಂದು ಹಿಟ್ಟಿನ ಬುಟ್ಟಿ ಇರಿಸಿದರು, ನೀರನ್ನು ಕೈಗೆ ಎಟುಕುವಂತೆ ಇಟ್ಟರು. ಯಾರ ಮೈಯೂ ಹೆಚ್ಚು ದಣಿಯಲಿಲ್ಲ, ರೊಟ್ಟಿ ಮಾತ್ರ ಹೆಚ್ಚಿತು. ಮಿಲ್ಲಿನಲ್ಲಿ ಸತ್ತುಹೋಗಿದ್ದ ನನ್ನ ಸಂತೋಷಕ್ಕೆ ಅಂದು ಮತ್ತೆ ಜೀವ ಬಂತು.

ಆಮೇಲೆ ದೊಡ್ಡ ಆರ್ಡರು ಬಂತು. ಹುಬ್ಬಳ್ಳಿಯ ಖಾನಾವಳಿಗಳಿಗೆ ದಿನಾ ಇನ್ನೂ ಅರ್ಧದಷ್ಟು ರೊಟ್ಟಿ ಬೇಕಂತೆ. ಕೊಡಲಾಗದಿದ್ದರೆ ಈಗಿರುವುದನ್ನೂ ಬೇರೆಯವರಿಗೆ ಕೊಡುತ್ತಾರಂತೆ. ವಿಶಾಲಾಕ್ಷಿ ಒಬ್ಬೊಬ್ಬರನ್ನೇ ಅಳೆದರು. ವಿಚಿತ್ರವೆಂದರೆ ಎಂಟೂ ಜನರದು ಒಂದೇ ವೇಗ, ಒಂದೇ ಹೊತ್ತು. ಕೈಯಿಂದ ಆಗುವುದು ಇಷ್ಟೇ ಎಂದು ಅವರು ತೀರ್ಮಾನಿಸಿಬಿಟ್ಟರು. ರೊಟ್ಟಿ ಮಷಿನ್ನಿನವನನ್ನು ಕರೆಸಿದರು. ಮಷಿನ್ ಬಂದರೆ ಇಬ್ಬರು ಸಾಕು. ಆರು ಜನ ಮನೆಗೆ. ಅದನ್ನೂ ಎದುರಿಗೇ ಹೇಳಿದರು, ಹೇಳುವಾಗ ತಲೆ ತಗ್ಗಿಸಿದ್ದರು.

ಒಲೆಯ ಮುಂದೆ ಎಂದೂ ಕೂತವರಲ್ಲ ವಿಶಾಲಾಕ್ಷಿ, ಹೀಗಾಗಿ ಅವರಿಗೆ ಕಾಣಲಿಲ್ಲ. ಅವರ ಕಣ್ಣು ನನ್ನ ಮುಳ್ಳಿನ ಮೇಲಿರುತ್ತಿತ್ತು, ನನ್ನ ಕಣ್ಣು ಒಲೆಗಳ ಮೇಲೆ. ಎರಡನೆಯ ಒಲೆಯ ಸಾವಂತ್ರೆವ್ವನ ರೊಟ್ಟಿ ಉಬ್ಬಿ, ಬೆಂದು ಆಗಿರುತ್ತಿತ್ತು. ಆದರೂ ಅವಳು ಬಟ್ಟೆಯಿಂದ ಸುಮ್ಮನೆ ಒತ್ತುತ್ತ ಕೂರುತ್ತಿದ್ದಳು. ಓರೆಗಣ್ಣು ಮೊದಲ ಒಲೆಯತ್ತ. ಆಯಿಯ ರೊಟ್ಟಿ ಬುಟ್ಟಿಗೆ ಬಿದ್ದ ಮೇಲೆಯೇ ಸಾವಂತ್ರೆವ್ವನದು, ಉಳಿದವರದು. ಅತ್ತೆ ರೊಟ್ಟಿ ತೆಗೆಯುವ ಮುಂಚೆ ಸೊಸೆ ತೆಗೆಯಬಾರದು ಎಂದು ಮನೆಯಲ್ಲಿ ಕಲಿತ ಮರ್ಯಾದೆ ಕೂಲಿಯ ಒಲೆಗೂ ಬಂದಿತ್ತು. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದ ಆಯಿಗೆ ಅದು ಗೊತ್ತೂ ಇರಲಿಲ್ಲ. ಆರು ಮನೆಗಳ ಅನ್ನ ಹೋಗುವುದನ್ನು ನೋಡುತ್ತ ನಾನು ಬಾಯಿಲ್ಲದೆ ತೂಗುತ್ತಿದ್ದೆ. ಅಷ್ಟು ಅಸಹಾಯಕತೆ ಮಿಲ್ಲಿನಲ್ಲೂ ಅನುಭವಿಸಿರಲಿಲ್ಲ.

ಒಂದು ದಿನ ಆಯಿಗೆ ಜ್ವರ ಬಂದು ಮೊದಲ ಒಲೆ ಉರಿಯಲಿಲ್ಲ. ಉಳಿದ ಏಳು ಒಲೆಗಳ ಬುಟ್ಟಿಗಳು ಎಂದಿನ ಹೊತ್ತಿಗಿಂತ ಬಹಳ ಮೊದಲೇ ತುಂಬಿದವು. ವಿಶಾಲಾಕ್ಷಿ ನನ್ನನ್ನು ನೋಡಿದರು, ನಂಬಲಿಲ್ಲ, ಕೆಟ್ಟಿರಬೇಕೆಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನನಗೆ ಸಿಟ್ಟೇ ಬಂತು.

"ಏನಿದು ಸಾವಂತ್ರೆವ್ವ? ಇಷ್ಟು ದಿನ ಯಾಕ ಹಿಂಗ ಬಡೀಲಿಲ್ಲ?"

ಸಾವಂತ್ರೆವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಆಯಿಗಿಂತ ಮೊದಲ ಬುಟ್ಟಿಗೆ ಹೆಂಗ ಹಾಕೂದ್ರಿ ಅಕ್ಕಾರ? ಕೈ ಏಳೂದಿಲ್ರಿ."

"ಮಷಿನ್ ಬಂದ್ರ ಮನೀಗೆ ಹೋಗ್ತೀರಿ. ಅದು ಗೊತ್ತಿದ್ದೂ?"

"ಗೊತ್ತೈತ್ರಿ. ಆದ್ರ ಆಯಿಗೆ ಹೇಳಬ್ಯಾಡ್ರಿ. ಆಕಿಗೆ ಈ ಒಲಿ ಬಿಟ್ರ ಯಾರದಾರ?"

ಬಾಗಿಲಲ್ಲಿ ಕೌದಿ ಹೊದ್ದ ಆಯಿ ನಿಂತಿದ್ದಳು. ಜ್ವರದಲ್ಲೂ ಮನೆಯಲ್ಲಿ ಕೂರಲಾಗದೆ ಎದ್ದು ಬಂದಿದ್ದಳು.

"ಓಣ್ಯಾಗ ಬರುವಾಗನ ಬಡಿಯೂ ಸಪ್ಪಳ ಕೇಳಿದೆ," ಎಂದಳು. "ನನ್ನ ಹುಡುಗ್ಯಾರಿಗೆ ಇಷ್ಟು ಚಲೋ ಕೈ ಐತಿ ಅಂತ ನನಗ ಗೊತ್ತಿರಲಿಲ್ಲ."

ಆಯಿ ತನ್ನ ಒಲೆಯ ಮುಂದೆ ಕೂತು ಉರಿ ಹಚ್ಚಿದಳು. ಹಂಚು ಕಾದ ಮೇಲೆ ಹಿಟ್ಟಿನ ಮುದ್ದೆ ಎತ್ತಿಕೊಂಡಳು. "ವಿಶಾಲಾ, ಅದನ್ನ ಒತ್ತು. ನಂದು ಎಷ್ಟು ಹೊತ್ತು ಹಿಡಿತೈತಿ ನೋಡು."

ವಿಶಾಲಾಕ್ಷಿ ಗುಂಡಿ ಒತ್ತಿದರು. ಆಯಿ ನಾದಿದಳು, ಬಡಿದಳು. ಜ್ವರವಿದ್ದರೂ ರೊಟ್ಟಿಯ ಅಂಚು ಒಂದಿಷ್ಟೂ ಸೀಳಲಿಲ್ಲ. ಹಂಚಿಗೆ ಹಾಕಿ, ನೀರು ಸವರಿ, ತಿರುವಿದಳು. ಅದು ಪೂರ್ತಿ ಉಬ್ಬಿತು. ಬುಟ್ಟಿಗೆ ಹಾಕಿ ತಲೆಯೆತ್ತಿದಳು.

"ಎಲ್ಲಾರದ್ದು ಹೆಂಗೈತೋ ಹಂಗ ಐತಿ ಆಯಿ," ಎಂದರು ವಿಶಾಲಾಕ್ಷಿ. ಹಾಗೆ ಹೇಳುವಾಗ ನನ್ನನ್ನು ನಿಲ್ಲಿಸಿರಲೇ ಇಲ್ಲ, ನೋಡಿಯೂ ಇರಲಿಲ್ಲ.

"ನನ್ನ ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲವ್ವ. ಅದು ಇನ್ನೂ ಓಡಾಕತ್ತೈತಿ." ಆಯಿ ರೊಟ್ಟಿ ಬಡಿಯುವ ಮಣೆಯನ್ನು ಸೆರಗಿನಿಂದ ಒರೆಸಿ ಎದ್ದಳು. ಸಾವಂತ್ರೆವ್ವನ ರಟ್ಟೆ ಹಿಡಿದು ಮೊದಲ ಒಲೆಯ ಮುಂದೆ ಕೂರಿಸಿದಳು. "ಇನ್ನ ಯಾರೂ ಯಾರ ಸಲುವಾಗಿ ರೊಟ್ಟಿ ಹೊತ್ತಸಬ್ಯಾಡ್ರಿ. ಮಷಿನ್ ಬ್ಯಾಡ ಅಂತ ಹೇಳು ವಿಶಾಲಾ."

ಮಷಿನ್ ಬರಲಿಲ್ಲ. ಆರ್ಡರು ಉಳಿಯಿತು, ಏಳು ಜನರೂ ಉಳಿದರು. ಈಗ ಹೊತ್ತು ಅಳೆಯುವುದನ್ನು ವಿಶಾಲಾಕ್ಷಿಯ ಮೊಬೈಲೇ ಮಾಡುತ್ತದೆ. ನಾನು ಉಪ್ಪಿನ ಭರಣಿಯ ಪಕ್ಕ ಹಲಗೆಯ ಮೇಲೆ ಮಲಗಿದ್ದೇನೆ, ಸ್ಪ್ರಿಂಗು ಸೋತಿದೆ, ಗಾಜಿಗೆ ಹಿಟ್ಟು ಕೂತಿದೆ. ಆಯಿ ತೀರಿಕೊಂಡು ಬಹಳ ದಿನವಾಯಿತು. ಕೈ ಚುರುಕಾಗಿದ್ದವರನ್ನು, ನಿಧಾನವಾಗಿದ್ದವರನ್ನು ಎಷ್ಟೋ ಕಂಡೆ, ಎಲ್ಲ ಮರೆತುಹೋಗಿದೆ. ಆ ದಿನ ಮಾತ್ರ ಮರೆತಿಲ್ಲ.

ಆ ದಿನ ಸಾವಂತ್ರೆವ್ವ ಮೊದಲ ಒಲೆಯ ಮೇಲೆ ಬೇಯಿಸಿದ ರೊಟ್ಟಿಯನ್ನು ಬುಟ್ಟಿಗೆ ಹಾಕಲಿಲ್ಲ. ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ತಾಟಿಗೆ ಹಾಕಿ, ಮೇಲೊಂದಿಷ್ಟು ಬೆಣ್ಣೆ ಇಟ್ಟಳು. ಆಯಿ ಅದನ್ನು ಮುಟ್ಟಿದಳು. ಬಿಸಿ ತಾಗಿ ಕೈ ಹಿಂದೆ ತೆಗೆದಳು. ಊರಿಗೆಲ್ಲ ಬಡಿದು ಹಾಕಿ, ಕೊನೆಗೆ ಉಳಿದ ಆರಿದ ರೊಟ್ಟಿಯನ್ನೇ ಉಂಡು ಬದುಕಿದವಳು.

"ನಮ್ಮವ್ವ ಸತ್ತ ಮ್ಯಾಲ," ಎಂದಳು, "ನನಗ ಯಾರೂ ಬಿಸಿ ರೊಟ್ಟಿ ಬಡದ ಹಾಕಿದ್ದಿಲ್ಲ ನೋಡ್ರೆವ್ವ."

ಚೂರು ಚೂರು ಮುರಿದು, ನಿಧಾನವಾಗಿ ಉಂಡಳು. ಏಳೂ ಒಲೆಗಳ ಮುಂದೆ ಒಬ್ಬರೂ ಕೈಯಾಡಿಸಲಿಲ್ಲ. ವಿಶಾಲಾಕ್ಷಿಯ ಕೊರಳಲ್ಲಿ ನಾನು ಓಡುತ್ತಲೇ ಇದ್ದೆ, ನನ್ನ ಗುಂಡಿ ಒತ್ತಬೇಕೆಂದು ಯಾರಿಗೂ ನೆನಪಾಗಲಿಲ್ಲ.