ಮುಯ್ಯಾಳು ಹೋದ ಗುಬ್ಬಿ

ಗುಬ್ಬಿಗೆ ಒಂದೇ ಕಣ್ಣು. ಫೋನಿನ ಆ ಆಟ ಶುರು ಮಾಡಿದ ದಿನ ಪ್ರತಿಯೊಬ್ಬರಿಗೂ ಪುಕ್ಕಟೆ ಸಿಗುವ ಸಂಗಾತಿ ಅವಳು: ಬಿಲ್ಲು ಹಿಡಿದ ಗಿಡ್ಡ ಹುಡುಗಿ. ಹೆಚ್ಚಿನವರು ಒಂದು ವಾರದಲ್ಲಿ ಅವಳನ್ನು ಬಿಟ್ಟು, ಹುಲಿಯನ್ನೋ ಕಬ್ಬಿಣದ ಮನುಷ್ಯನನ್ನೋ ಕಟ್ಟಿಕೊಂಡು ಮುಂದೆ ಹೋಗುತ್ತಾರೆ. ಮಾದೇವಿ ಬಿಡಲಿಲ್ಲ. ಗುಬ್ಬಿ ಎಂದು ಹೆಸರಿಟ್ಟಳು. ಆಟದಲ್ಲಿ ತನ್ನ ಪರವಾಗಿ ಓಡಾಡುವ ಆಳಿಗೆ ಏನೂ ಉಳಿಸದೆ, ಕೈಗೆ ಬಂದ ಹಳದಿ ಪುಡಿಯನ್ನೆಲ್ಲ ಗುಬ್ಬಿಗೇ ಹಾಕಿದಳು. ಆ ಪುಡಿ ಹಾಕಿದಷ್ಟೂ ಶಕ್ತಿ ಏರುತ್ತಿತ್ತು. ಮೂವರು ಗೆಳೆಯರಲ್ಲಿ ಅದಕ್ಕೆ ಭಂಡಾರ ಎಂದೇ ಹೆಸರು.

"ನಿನ್ನ ಆಳು ಬರಿಗಾಲಾಗ ನಿಂತೈತಿ, ಗುಬ್ಬಿಗೆ ಬೆಳ್ಳಿ ಕಡಗ," ಎಂದು ಕಲ್ಲೇಶ ಆಡಿಕೊಳ್ಳುತ್ತಿದ್ದ. "ಮದಲ ನೀ ಜೋರ್ ಆಗವಾ."

"ಆಕಿ ಹೊಡಿಯೂಮುಂದ ನನಗ ಕಾಲ್ಮರಿ ಯಾಕ ಬೇಕು?" ಎನ್ನುತ್ತಿದ್ದಳು ಮಾದೇವಿ.

ಅವಳು ಹುನಗುಂದದ ಕೋರ್ಟಿನೆದುರು ಜೆರಾಕ್ಸ್ ಅಂಗಡಿಯಲ್ಲಿದ್ದಳು. ಮಧ್ಯಾಹ್ನ ವಕೀಲರು ಊಟಕ್ಕೆ ಎದ್ದಾಗ ಯಂತ್ರ ತಣ್ಣಗಾಗುತ್ತಿತ್ತು, ಆಗ ಆಡುತ್ತಿದ್ದಳು. ಅದೇ ಹೊತ್ತಿಗೆ ಐಹೊಳೆಯಲ್ಲಿ ಗೈಡ್ ಕೆಲಸದ ಕಲ್ಲೇಶ ಯಾವುದಾದರೂ ಗುಡಿಯ ನೆರಳು ಹಿಡಿಯುತ್ತಿದ್ದ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವ ಅರ್ಷದ ಡಬ್ಬಿ ಬಿಚ್ಚುತ್ತಿದ್ದ. ಮೂವರೂ ಒಂದೇ ಕಾಲೇಜಿನವರು. ಅರ್ಷದ ಮಾತ್ರ ಕಿರಿಯ. ಆಡುವಾಗ ಕಿವಿಗೆ ಇಯರ್‌ಫೋನ್ ಇರುತ್ತಿತ್ತು, ಹೀಗಾಗಿ ಒಬ್ಬರು ರೊಟ್ಟಿ ಮುರಿಯುವ ಸದ್ದು ಉಳಿದಿಬ್ಬರಿಗೂ ಕೇಳುತ್ತಿತ್ತು.

ಆಟದ ಮೂರನೆಯ ಕೋಟೆ ಮೂವರಲ್ಲಿ ಯಾರಿಗೂ ದಾಟಲಾಗಿರಲಿಲ್ಲ. ಮುಯ್ಯಾಳಿನ ಉಪಾಯ ಮಾದೇವಿಯದು.

"ನಮ್ಮೂರಾಗ ಕಳೆ ತಗ್ಯಾಕ ಹೋಗ್ತಾರಲ್ಲ, ಹಂಗ. ಒಂದು ವಾರ ಎಲ್ಲಾರೂ ಕೂಡಿ ಕಲ್ಲೇಶನ ಆಳಿಗೆ ದುಡಿಯೂಣು. ಆಮ್ಯಾಲ ಅರ್ಷದಂದು. ಕಡೀಕ ನಂದು."

"ನಮ್ಮ ಮನ್ಯಾಗ ಮಗ್ಗ ಬಿಟ್ರ ಹೊಲಾನ ಇಲ್ಲಕ್ಕಾ, ನನಗೇನ್ ತಿಳಿತೈತಿ," ಎಂದ ಅರ್ಷದ.

"ಆಟದಾಗರ ಏನೈತಲೇ ನಿಂದು? ಒಂದು ಕುಂಟ ಕುದ್ರಿ," ಎಂದ ಕಲ್ಲೇಶ.

ಮಾದೇವಿ ಅರ್ಷದನಿಗೆ ಬಿಡಿಸಿ ಹೇಳಿದಳು. ಮುಯ್ಯಾಳಿಗೆ ಕೂಲಿ ಇಲ್ಲ. ನನ್ನ ಹೊಲಕ್ಕೆ ನೀನು ಬಂದರೆ ನಿನ್ನ ಹೊಲಕ್ಕೆ ನಾನು ಬರಬೇಕು. ಬಂದವರ ಎತ್ತೋ ಕುಡಗೋಲೋ ಕೆಲಸಕ್ಕೆ ಹಿಡಿದಿದ್ದರೆ ಕೆಲಸ ಮುಗಿದ ಕೂಡಲೇ ಅವರ ಮನೆ ಮುಟ್ಟಿಸಬೇಕು. ಇಟ್ಟುಕೊಂಡವನ ಹೊಲಕ್ಕೆ ಮತ್ತೆ ಯಾರೂ ಕಾಲಿಡುವುದಿಲ್ಲ. ಅರ್ಷದ ಇದನ್ನು ಪಾಠದಂತೆ ಕೇಳಿಸಿಕೊಂಡ.

ಕಲ್ಲೇಶನ ವಾರ ಚೆನ್ನಾಗಿ ಹೋಯಿತು. ಅವನ ಕತ್ತಿಯಾಳಿಗೆ ಹೊಸ ಕವಚ ಬಂತು, ಮಾತಿನಲ್ಲಿ ಜಂಬವೂ ಬಂತು. ಅರ್ಷದನ ವಾರ ಬಂದಾಗ ಕುಂಟು ಕುದುರೆಯನ್ನು ನಂಬಿ ಏನೂ ಸಾಗುವಂತಿರಲಿಲ್ಲ. ಸಂಗಾತಿಯನ್ನು ಎರವಲು ಕೊಡುವ ಗುಂಡಿಯೊಂದು ಆಟದಲ್ಲಿತ್ತು. ಮಾದೇವಿ ಅದನ್ನು ಒತ್ತಿ ಗುಬ್ಬಿಯನ್ನು ಕಳಿಸಿದಳು.

"ಅಕ್ಕಾ, ಭಾಳ ಶಾಣ್ಯಾ ಅದಾಳ," ಎಂದು ಅರ್ಷದ ದಿನವೂ ವರದಿ ಕೊಟ್ಟ. "ನಾ ಕತ್ತಿ ಎತ್ತೂದ್ರಾಗ ಹೊಡದು ಮುಗಿಸಿ ನಿಂತಿರ್ತಾಳ. ನನ್ನ ಕಡೆ ಹೊಳ್ಳಿ ನೋಡ್ತಾಳ, ಮುಂದೇನು ಅನ್ನೂವಂಗ."

ಆ ನೋಟ ಮಾದೇವಿಗೆ ಗೊತ್ತಿತ್ತು. ಅದು ಇನ್ನೊಬ್ಬರ ಕಡೆಗೂ ತಿರುಗುತ್ತದೆ ಎಂದು ಗೊತ್ತಿರಲಿಲ್ಲ.

ವಾರದ ಕೊನೆಯ ದಿನ ಅವಳ ಫೋನಿನಲ್ಲಿ ಗುಬ್ಬಿಯ ಚಿತ್ರ ಬೂದಿ ಬಣ್ಣಕ್ಕೆ ತಿರುಗಿತು. ಕೆಳಗೆ ಒಂದು ಸೂಚನೆ. ಅವಳು ಕೋರ್ಟಿನ ಕಾಗದ ಓದುವಂತೆ ಅದನ್ನು ಕೊನೆಯತನಕ ಓದಿದಳು. ಜೊತೆಗೆ ಹೋರಾಡಿದಷ್ಟೂ ಸಂಗಾತಿಗೆ ವಿಶ್ವಾಸ ಬೆಳೆಯುತ್ತದೆ, ದೂರವಿದ್ದಷ್ಟೂ ಇಳಿಯುತ್ತದೆ; ಅರ್ಷದನ ಮೇಲಿನ ವಿಶ್ವಾಸ ಈಗ ಮಾದೇವಿಯ ಮೇಲಿದ್ದುದನ್ನು ಮೀರಿತ್ತು. ಅರ್ಷದ ಇಟ್ಟುಕೊಂಡರೆ ಗುಬ್ಬಿ ಇದ್ದ ಶಕ್ತಿಯೊಂದಿಗೆ ಅವನವಳಾಗುತ್ತಾಳೆ. ಹಿಂದಕ್ಕೆ ಕಳಿಸಿದರೆ ಬರುತ್ತಾಳೆ, ಆದರೆ ಕಲಿತದ್ದೆಲ್ಲ ಅಳಿದು, ಹೆಸರೂ ಅಳಿದು, ಮೊದಲ ದಿನದ ಹುಡುಗಿಯಾಗಿ. ಆಯ್ಕೆ ಅರ್ಷದನದು.

ಯಂಕಪ್ಪ ಎಂಬ ಹಿರಿಯ ಜೆರಾಕ್ಸ್ ಮಾಡಿಸಲು ಪಹಣಿ ಚಾಚಿದ. "ಎರಡೂ ಕಡೆ ಬರಬೇಕ ನೋಡವಾ."

"ಬರ್ತೈತ್ರಿ, ಕೂಡ್ರಿ."

ಯಂತ್ರದ ಬೆಳಕು ಗಾಜಿನಡಿ ಆಚೀಚೆ ಸರಿಯಿತು. ಅವಳಿಗೆ ಮೊದಲು ಸಿಟ್ಟು ಬಂದದ್ದು ಗುಬ್ಬಿಯ ಮೇಲೆ. ಒಂದು ವಾರಕ್ಕೇ ಮರೆತಳೇ? ಆಮೇಲೆ ಅನಿಸಿತು, ಆ ಹುಡುಗಿಗೆ ತಿಳಿದದ್ದು ಪಕ್ಕದಲ್ಲಿ ನಿಂತವರು ಮಾತ್ರ. ಅರ್ಷದ ಅವಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದ. ಅವನ ಜೊತೆ ಇದ್ದರೆ ಗುಬ್ಬಿ ಮೂರನೆಯ ಕೋಟೆ ಹೊಗುತ್ತಾಳೆ. ಪಕ್ಕದಲ್ಲಿ ನಡೆಯುತ್ತ ತಾನೂ ನೋಡಬಹುದು. ನೋಡಿದರೆ ಸಾಕೇ ಎಂದು ಕೇಳಿಕೊಂಡಳು. ಸಾಲದು ಅನಿಸಿತು. ಆದರೂ ಅಳಿಸಿಹೋಗುವುದಕ್ಕಿಂತ ಅದು ವಾಸಿ.

ಯಂಕಪ್ಪ ಹೋದ ಮೇಲೆ, ಇಟ್ಟುಕೋ ಎಂದು ಹೇಳಲು ಅರ್ಷದನಿಗೆ ಫೋನ್ ಹಚ್ಚಿದಳು.

"ನಾನ ಹಚ್ಚಾಂವ ಇದ್ದೆ ಅಕ್ಕಾ," ಅರ್ಷದ ಅವಳಿಗಿಂತ ಮೊದಲೇ ಶುರು ಮಾಡಿದ. "ಗುಬ್ಬಿ ಮುಟ್ಟಿದ್ಳಿಲ್ಲ? ಈಗ ಕಳಿಸೇನಿ. ಕೆಲಸ ಮುಗದ ಮ್ಯಾಲೆ ಒಂದು ಗಳಿಗಿ ಇಟ್ಕೊಂಡಿಲ್ಲ."

ಮಾದೇವಿ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಚಿತ್ರಕ್ಕೆ ಬಣ್ಣ ಬಂದಿತ್ತು. ಬೆಳ್ಳಿ ಕಡಗ ಇರಲಿಲ್ಲ, ಕೈಯಲ್ಲಿ ಕಟ್ಟಿಗೆಯ ಬಿಲ್ಲು. ಹೆಸರಿನ ಜಾಗ ಖಾಲಿ.

"ಮುಟ್ಟಿದ್ಳು," ಎಂದಳು.

"ದನಿ ಯಾಕ ಹಂಗ ಆಗೇತಿ?"

"ಅಲ್ಲಿ ಬರದಿದ್ದು ಓದಿದಿ ಏನು?"

"ಕೈ ತುಂಬ ಕಲ್ಲಿನ ರಾಡಿ ಇತ್ತು. ಇಟ್ಕೋತಿ ಏನು, ಕಳಿಸ್ತಿ ಏನು ಅಂತ ಕೇಳ್ತು. ಮಂದೀದು ಇಟ್ಕೊಂಡು ಏನ್ ಮಾಡ್ಲಿ ನಾ?"

ಅಷ್ಟರಲ್ಲಿ ಕಲ್ಲೇಶ ಕರೆಗೆ ಸೇರಿಕೊಂಡ. ಅವನಿಗೂ ಸೂಚನೆ ಬಂದಿತ್ತು. "ಲೇ ಅರ್ಷದ, ಏನ್ ಮಾಡಿ ಕೂತಿಯೋ. ಆಕಿ ಅಷ್ಟ ದಿನದ ದುಡಿಮಿ ಎಲ್ಲಾ ನೀರಾಗ ಹೋತು. ಗುಬ್ಬಿ ಈಗ ಕೂಸು."

ಅರ್ಷದನ ಕಡೆ ಪಾಲಿಶ್ ಯಂತ್ರ ಓಡುತ್ತಿತ್ತು. ಯಾರೋ ಅದನ್ನು ಬಂದ್ ಮಾಡಿದರು.

"ಅಕ್ಕಾ, ನಾ ಆಟ ಬಿಡ್ತೇನಿ," ಎಂದ ಅರ್ಷದ.

"ಬಿಡು. ನನ್ನ ಪಾಳಿ ನಾಳಿಂದ ಐತಿ. ಯಾರು ಬರ್ತಾರ ನಿನ್ನ ಬದ್ಲಿ, ನಿಮ್ಮ ಸಾವಕಾರ?"

"ಯಾವ ಮಾರಿ ಹೊತ್ಕೊಂಡು ಬರ್ಲಿ?"

"ಊಟ ಮಾಡಿ ಬಾ, ಸಾಕು."

ಮಾತು ಅಷ್ಟು ಸಲೀಸಾಗಿ ಹೊರಟಿದ್ದಕ್ಕೆ ಮಾದೇವಿಗೇ ಆಶ್ಚರ್ಯ. ಸಿಟ್ಟು ಇತ್ತು. ಆದರೆ ಮರಳಿ ಕೊಟ್ಟವನನ್ನು ಯಾವ ಬಾಯಿಂದ ಬೈಯುವುದು?

ಮರುದಿನ ಮಧ್ಯಾಹ್ನ ಅವಳು ಒಕ್ಕಣ್ಣಿನ ಹುಡುಗಿಯನ್ನು ಕರೆದುಕೊಂಡು ಆಟದ ಮೊದಲ ಕೆರೆಗೆ ಹೋದಳು. ಹೊಸಬರು ಕಪ್ಪೆ ಹೊಡೆದು ಕಲಿಯುವ ಜಾಗ ಅದು. ಬಲಿತವರನ್ನು ಒಳಗೆ ಬಿಡುವುದಿಲ್ಲ. ಮಾದೇವಿಯ ಬರಿಗಾಲಿನ ಆಳು ಬೇಲಿ ದಾಟಿತು, ಕಲ್ಲೇಶನ ಕವಚದ ಆಳು ಹೊರಗೇ ನಿಂತಿತು.

"ನೋಡು, ಬಡವರಿಗಷ್ಟ ಬಾಗಲಾ ತಗೀತೈತಿ," ಎಂದ ಕಲ್ಲೇಶ. "ಭಂಡಾರ ಕಳಸ್ತೇನಿ ತಡಿ. ಈ ಸಲಾನೂ ಎಲ್ಲಾ ಆಕಿಗೇ ಸುರುವಬ್ಯಾಡ ಮತ್ತ. ನಿನಗೂ ಒಂದೀಟು."

"ಅರ್ಷದ ಎಲ್ಲಿ?"

ಬೇಲಿಯ ಗೇಟಿನಲ್ಲಿ ಹರಕು ಅಂಗಿಯ ಅಪರಿಚಿತ ಆಳೊಂದು ಕಾಣಿಸಿತು. ಅದರ ಬೆನ್ನಿಗೆ ಕಟ್ಟಿಗೆಯ ಬಿಲ್ಲು ಹಿಡಿದ ಒಕ್ಕಣ್ಣಿನ ಗಿಡ್ಡ ಹುಡುಗಿ.

"ನಾನಕ್ಕಾ," ಎಂದ ಅರ್ಷದ. "ಹಳೇ ಆಳಿಗೆ ಒಳಗ ಬಿಡ್ಲಿಲ್ಲ. ಹೊಸಾದು ಮಾಡ್ಕೊಂಡು ಬಂದೆ. ಪುಕ್ಕಟೆ ಇಕೀನೂ ಬಂದ್ಳು."

"ಕೋಟೆ ಯಾರು ದಾಟೂದಲೇ, ನಾ ಒಬ್ಬಾಂವ?" ಎಂದು ಹೊರಗಿನಿಂದ ಕಲ್ಲೇಶ ಗೊಣಗಿದ.

ಇಬ್ಬರೂ ಹುಡುಗಿಯರು ದಂಡೆಯಲ್ಲಿ ಸಾಲಾಗಿ ನಿಂತು ಬಿಲ್ಲು ಎಳೆದರು. ಎರಡೂ ಬಾಣ ನೀರಿಗೆ ಬಿದ್ದವು, ಕಪ್ಪೆ ಕದಲಲಿಲ್ಲ.

"ಇನ್ನೀಟು ಎಡಕ್ಕ," ಎಂದಳು ಮಾದೇವಿ.